ದೈವಕ್ಕೆ ಹೇಳದ ಲೆಕ್ಕ

ಕಲಬುರಗಿಯಲ್ಲಿ ಈಚೆಗೆ ತಾಲೀಮಿನ ಹುಡುಗರು, ಜಿಮ್ಮುಗಳಲ್ಲಿ ಬಾಕ್ಸಿಂಗ್ ಮತ್ತು ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಕೂಡಿದ ಕಾದಾಟ) ಕಲಿಯುವವರು, ಅವರ ಪಾಲಕರು ಹಾಗೂ ಕೆಲವು ಹಿರಿಯ ಪೈಲ್ವಾನರು ಕೂಡಿದ್ದ ಸಭೆಯೊಂದರಲ್ಲಿ ನಾನು ಆಡಿದ ಮಾತುಗಳನ್ನು, ಕೇಳಿದವರ ಒತ್ತಾಯದ ಮೇರೆಗೆ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಂದು ಹೇಳಲು ಮರೆತ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ. ವಿಷಯ ಇಷ್ಟೇ: ಕಾದಾಟದ ಪಂದ್ಯಗಳನ್ನು ನಡೆಸುವ ಪ್ರಮೋಟರುಗಳು ಆಟಗಾರನೊಡನೆ ಹಣದ ಮಾತುಕತೆ ನಡೆಸುವಾಗ ಜನರ ಒತ್ತಡವನ್ನು ಹೇಗೆ ಆಯುಧ ಮಾಡಿಕೊಳ್ಳುತ್ತಾರೆ ಎಂಬುದು.

ಅಮೆರಿಕದ ಮಾತಿಗೆ ಹೋಗುವ ಮೊದಲು ನಾನು ಕಣ್ಣಾರೆ ಕಂಡದ್ದನ್ನು ಹೇಳಬೇಕು. ನಾನು ಕಾಲೇಜಿನಲ್ಲಿದ್ದಾಗ, ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಭೀಮಾ ದಂಡೆಯ ಊರೊಂದರ ಜಾತ್ರೆಗೆ ದೊಡ್ಡಪ್ಪನ ಮಗನ ಜೊತೆ ಹೋಗಿದ್ದೆ. ಅಣ್ಣ ಒಳ್ಳೆಯ ಪೈಲ್ವಾನ. ತೆಂಗಿನಕಾಯಿ ಕುಸ್ತಿಗಳಿಂದ ಆರಂಭವಾದ ಮೈದಾನ ಹೊತ್ತು ಇಳಿಯುವ ವೇಳೆಗೆ ಬೆಳ್ಳಿ ಕಡಗದ ಕುಸ್ತಿಗೆ ಬಂದಿತ್ತು. ಕರಪತ್ರದಲ್ಲಿ ಅಣ್ಣನ ಜೋಡಿ ಎಂದು ಅಚ್ಚಾಗಿದ್ದ ಪೈಲ್ವಾನ ಬಂದಿರಲಿಲ್ಲ. ಅವನ ಬದಲು ಸೊಲ್ಲಾಪುರದ ಕಡೆಯಿಂದ ಬಂದಿದ್ದ, ಅಣ್ಣನಿಗಿಂತ ಹದಿನೈದು ಕಿಲೋವಾದರೂ ಹೆಚ್ಚು ತೂಗುವ ಒಬ್ಬನನ್ನು ಬಿಡಬೇಕೆಂದು ಕಮಿಟಿಯವರು ಆಗಲೇ ನಿಶ್ಚಯಿಸಿಬಿಟ್ಟಿದ್ದರು. ಬೇವಿನ ಮರದ ಕೆಳಗೆ ಅಣ್ಣನ ಉಸ್ತಾದರು ಕಮಿಟಿಯ ಹಿರಿಯರಿಗೆ ಕೈಮುಗಿದು ಹೇಳುತ್ತಿದ್ದುದು ನನಗೆ ಇನ್ನೂ ಕಿವಿಯಲ್ಲಿದೆ: “ಹುಡುಗನ ಎಡಭುಜ ಇನ್ನಾ ಕೂಡಿಲ್ಲರಿ. ಈ ಜೋಡಿ ಬ್ಯಾಡ. ಆಡ್ಲೇಬೇಕಂದ್ರ ಗೆದ್ರೂ ಸೋತ್ರೂ ಐದುನೂರು ರೂಪಾಯಿ ಮೊದಲ ಕೈಗೆ ಕೊಡ್ರಿ.”

ಹಿರಿಯರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಅವರಲ್ಲಿ ಒಬ್ಬರು ಎದ್ದು ಹೋಗಿ ಮೈಕು ಹಿಡಿದರು. “ಕೂಡಿದ ದೈವಕ್ಕ ತಿಳಸ್ತೀವಿ, ನಮ್ಮ ಪೈಲ್ವಾನ ಅಖಾಡಕ್ಕ ಇಳಿಯಾಕ ಹಿಂದ ಮುಂದ ನೋಡ್ಲಾಕತ್ತಾನ. ಕುಸ್ತಿ ಆಗಬೇಕೋ ಬ್ಯಾಡೋ ನೀವೇ ಹೇಳ್ರಿ” ಎಂದರು. ಹಲಗಿಯವರಿಗೆ ಸನ್ನೆ ಹೋಯಿತು. ಸಿಳ್ಳೆ, ಕೂಗು, ನಮ್ಮ ಊರಿನವರೇ ತಲೆ ತಗ್ಗಿಸಿದ್ದು, ಎಲ್ಲ ಒಂದೇ ಗಳಿಗೆಯಲ್ಲಿ ನಡೆದವು. ಅಣ್ಣ ಯಾರ ಮುಖವನ್ನೂ ನೋಡದೆ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು ಮಣ್ಣಿಗೆ ಇಳಿದ. ಐದು ನಿಮಿಷವೂ ಆಗಲಿಲ್ಲ, ಭುಜ ಮತ್ತೆ ಜಾರಿತು. ರಾತ್ರಿ ಬಸ್ಸಿನಲ್ಲಿ ಬರುವಾಗ ಅವನ ಅಂಗಿ ನನ್ನ ತೊಡೆಯ ಮೇಲೆಯೇ ಇತ್ತು, ತೋಳು ಎತ್ತಿ ತೊಟ್ಟುಕೊಳ್ಳಲು ಅವನಿಗೆ ಆಗುತ್ತಿರಲಿಲ್ಲ.

ನಮ್ಮ ಭಾಗದಲ್ಲಿ ಕೂಡಿದ ಜನರನ್ನು ದೈವ ಎಂದು ಕರೆಯುತ್ತೇವೆ. ಅದು ದೊಡ್ಡ ಮಾತು. ದೈವದ ಮಾತು ಮೀರಬಾರದು ಎಂಬ ನಂಬಿಕೆ ಅದರ ಒಳಗಿದೆ. ಅಂದು ಮೈಕಿನಲ್ಲಿ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ, ಅಣ್ಣ ಹಿಂದೆ ಮುಂದೆ ನೋಡುತ್ತಿದ್ದುದು ನಿಜ. ಆದರೆ ಜೋಡಿ ಬದಲಾದದ್ದು, ಹದಿನೈದು ಕಿಲೋ ತೂಕದ ಅಂತರ, ಕೂಡದ ಭುಜ, ಐದುನೂರು ರೂಪಾಯಿ, ಈ ನಾಲ್ಕನ್ನೂ ದೈವಕ್ಕೆ ಹೇಳಲಿಲ್ಲ. ನಾನು ಈ ವಿಷಯದಲ್ಲಿ ಹೇಳಬೇಕಾದದ್ದೆಲ್ಲ ಆ ಮೌನದಲ್ಲಿದೆ. ಪ್ರಮೋಟರನ ಒತ್ತಡಕ್ಕೆ ಬಲ ಬರುವುದು ಅವನು ಜನರಿಗೆ ಹೇಳುವ ಮಾತಿನಿಂದಲ್ಲ, ಅವರಿಗೆ ಹೇಳದೆ ಉಳಿಸಿಕೊಂಡ ಲೆಕ್ಕದಿಂದ.

ಈಗ ನೀವು ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತ ಮೊಬೈಲಿನಲ್ಲಿ ನೋಡುವ ಯುಎಫ್‌ಸಿಗೆ ಬರೋಣ. ಎಂಎಂಎ ಪಂದ್ಯಗಳನ್ನು ನಡೆಸುವ ಅಮೆರಿಕದ ಈ ಸಂಸ್ಥೆ 1993ರಲ್ಲಿ ಹುಟ್ಟಿತು. 2001ರಲ್ಲಿ ಜುಫಾ ಎಂಬ ಕಂಪನಿ ಇದನ್ನು 20 ಲಕ್ಷ ಡಾಲರಿಗೆ ಕೊಂಡುಕೊಂಡಿತು. 2016ರಲ್ಲಿ ಅದೇ ಸಂಸ್ಥೆ ಸುಮಾರು 400 ಕೋಟಿ ಡಾಲರಿಗೆ ಮಾರಾಟವಾಯಿತು. 2001ರಿಂದ ಈಚೆಗೆ ಅದರ ಮುಖವಾಗಿ, ಧ್ವನಿಯಾಗಿ ನಿಂತವರು ಡೇನಾ ವೈಟ್. ಪಂದ್ಯ ಮುಗಿದ ರಾತ್ರಿಯೇ ಪತ್ರಕರ್ತರ ಮುಂದೆ ಕುಳಿತು ಮುಕ್ತವಾಗಿ ಮಾತನಾಡುವ ಅವರ ರೂಢಿಯನ್ನು ಅಭಿಮಾನಿಗಳು ಮೆಚ್ಚುತ್ತಾರೆ. ಆದರೆ ಯಾರ ಸಂಭಾವನೆ ನಿಗದಿಯಾಗಬೇಕಿದೆಯೋ ಆ ಆಟಗಾರನ ಮಾತು ಬಂದಾಗ, ಅಲ್ಲಿ ಕುಳಿತವರು ಆಟದ ವಕ್ತಾರರಲ್ಲ, ಚೌಕಾಸಿಯ ಒಂದು ಪಕ್ಷ ಎಂಬುದನ್ನು ಕೇಳುವವರು ಮರೆಯಬಾರದು.

2012ರ ಸೆಪ್ಟೆಂಬರ್ 1ರಂದು ಯುಎಫ್‌ಸಿ 151 ಎಂಬ ಕಾರ್ಯಕ್ರಮ ನಡೆಯಬೇಕಿತ್ತು. ಲೈಟ್ ಹೆವಿವೇಟ್ ಚಾಂಪಿಯನ್ ಜಾನ್ ಜೋನ್ಸ್, ಆಗ 25ರ ಯುವಕ, ಡ್ಯಾನ್ ಹೆಂಡರ್ಸನ್ ವಿರುದ್ಧ ಸಿದ್ಧರಾಗಿದ್ದರು. ಹೆಂಡರ್ಸನ್ ಮೊಣಕಾಲಿಗೆ ಪೆಟ್ಟಾಗಿ ಹಿಂದೆ ಸರಿದರು. ಪಂದ್ಯಕ್ಕೆ ಎಂಟೊಂಬತ್ತು ದಿನ ಉಳಿದಿದ್ದಾಗ ಚೇಲ್ ಸಾನನ್ ಎಂಬ, ಶೈಲಿಯೇ ಬೇರೆಯಾದ ಎದುರಾಳಿಯನ್ನು ಮುಂದಿಟ್ಟರು. ಜೋನ್ಸ್ ತಮ್ಮ ಕೋಚ್ ಗ್ರೆಗ್ ಜಾಕ್ಸನ್ ಸಲಹೆಯಂತೆ ಒಪ್ಪಲಿಲ್ಲ. ಯುಎಫ್‌ಸಿ ಇಡೀ ಕಾರ್ಯಕ್ರಮವನ್ನೇ ರದ್ದು ಮಾಡಿತು, ಜುಫಾದ ಕಾಲದಲ್ಲಿ ಹಾಗೆ ಆದದ್ದು ಅದೇ ಮೊದಲು. ಡೇನಾ ವೈಟ್ ಬಹಿರಂಗವಾಗಿ ಜೋನ್ಸ್ ಅವರನ್ನು ದೂರಿದರು, ಜಾಕ್ಸನ್ ಅವರನ್ನು ಆಟವನ್ನೇ ಕೊಲ್ಲುವವರು ಎಂದು ಕರೆದರು.

ಇದನ್ನು ನಿಧಾನವಾಗಿ ನೋಡಬೇಕು. ಪಟ್ಟಿಯಲ್ಲಿದ್ದ ಉಳಿದ ಆಟಗಾರರು ಎರಡು ತಿಂಗಳು ಬೆವರು ಸುರಿಸಿ ತಯಾರಾಗಿದ್ದರು, ಅವರ ಅಂದಿನ ದುಡಿಮೆ ಹೋಯಿತು, ಟಿಕೆಟ್ ಕೊಂಡವರ ಪ್ರಯಾಣ ಹಾಳಾಯಿತು. ಇವೆಲ್ಲ ನಿಜವಾದ ನಷ್ಟಗಳು. ಆದರೆ ಒಂದು ಜೋಡಿ ಮುರಿದರೆ ಇಡೀ ರಾತ್ರಿಯೇ ಬೀಳುವಷ್ಟು ದುರ್ಬಲವಾಗಿ ಆ ಪಟ್ಟಿಯನ್ನು ಹೆಣೆದವರು ಯಾರು? ಕಾರ್ಯಕ್ರಮವನ್ನು ರದ್ದು ಮಾಡುವ ತೀರ್ಮಾನ ಯಾರದು? ಕಾಯಂ ಸಂಬಳವಿಲ್ಲದ ಸಹ ಆಟಗಾರರ ಹೊಟ್ಟೆಯ ಸಿಟ್ಟು ಸಂಸ್ಥೆಯ ಕಡೆಗೆ ತಿರುಗುವ ಬದಲು 25 ವರ್ಷದ ಒಬ್ಬನ ಕಡೆಗೆ ತಿರುಗಿತು. ಮುಂದೆ 2013ರ ಏಪ್ರಿಲ್‌ನಲ್ಲಿ, ತಯಾರಿಗೆ ಸಾಕಷ್ಟು ಸಮಯ ಸಿಕ್ಕ ಮೇಲೆ, ಜೋನ್ಸ್ ಅದೇ ಸಾನನ್ ಅವರನ್ನು ಮೊದಲ ಸುತ್ತಿನಲ್ಲಿಯೇ ಸೋಲಿಸಿದರು. ಅಂಜಿಕೆಯೇ ಕಾರಣವಾಗಿದ್ದರೆ ಆ ಪಂದ್ಯವೂ ನಡೆಯಬಾರದಿತ್ತು. ಅವರು ಕೇಳಿದ್ದು ದಿನಗಳನ್ನು.

ಹೆದರಿದ ಎಂಬ ಮಾತಿಗಿಂತ ನಯವಾದ, ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಕ್ರೂರವಾದ ಇನ್ನೊಂದು ಮಾತಿದೆ. ಅದು ಋಣ. 2013ರ ನವೆಂಬರ್ 16ರಂದು ಲಾಸ್ ವೇಗಸ್‌ನಲ್ಲಿ ವೆಲ್ಟರ್‌ವೇಟ್ ಚಾಂಪಿಯನ್ ಜಾರ್ಜ್ ಸೇಂಟ್ ಪಿಯೆರ್ ಐದು ಸುತ್ತು ಕಾದಾಡಿ ಜಾನಿ ಹೆಂಡ್ರಿಕ್ಸ್ ವಿರುದ್ಧ ಕೂದಲೆಳೆಯಲ್ಲಿ ಗೆದ್ದರು. ಮುಖವೆಲ್ಲ ಬಾತುಕೊಂಡಿತ್ತು. ಪಂಜರದ ಒಳಗೆ ನಿಂತೇ, ತಮಗೆ ಸ್ವಲ್ಪ ಕಾಲ ದೂರ ಇರಬೇಕಾಗಿದೆ ಎಂದರು. ಸತತವಾಗಿ ಒಂಬತ್ತು ಬಾರಿ ಪಟ್ಟ ಉಳಿಸಿಕೊಂಡಿದ್ದ ಮನುಷ್ಯ ಅವರು. ಅದೇ ರಾತ್ರಿ ಪತ್ರಿಕಾಗೋಷ್ಠಿಯಲ್ಲಿ ಡೇನಾ ವೈಟ್, ಹಾಗೆ ಸುಮ್ಮನೆ ಹೋಗಲು ಬರುವುದಿಲ್ಲ, ಹೆಂಡ್ರಿಕ್ಸ್‌ಗೆ, ಅಭಿಮಾನಿಗಳಿಗೆ, ಸಂಸ್ಥೆಗೆ ಅವರು ಮರುಪಂದ್ಯದ ಋಣ ಹೊತ್ತಿದ್ದಾರೆ ಎಂಬ ಅರ್ಥದ ಮಾತು ಆಡಿದರು.

ಅನ್ನದ ಋಣ, ಮಣ್ಣಿನ ಋಣ ಎಂದು ಕೇಳಿ ಬೆಳೆದ ನಮಗೆ ಈ ಮಾತು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸಾಲಕ್ಕೆ ಒಂದು ಪತ್ರ ಇರುತ್ತದೆ, ಅಸಲು ಇಷ್ಟು, ಬಡ್ಡಿ ಇಷ್ಟು, ತೀರಿದ್ದು ಇಷ್ಟು ಎಂದು. ಪೆಟ್ಟು ತಿಂದ ಆಟಗಾರನ ತಲೆಗೆ ಕಟ್ಟುವ ಈ ಋಣಕ್ಕೆ ಅಂಥ ಪತ್ರವಿಲ್ಲ, ಆದ್ದರಿಂದ ಅದು ತೀರುವುದೂ ಇಲ್ಲ. ಇನ್ನೊಂದು ಸಂಗತಿಯೂ ಇದೆ. ಅಭಿಮಾನಿಗಳಿಗೆ ಋಣ ಎನ್ನುವ ಮಾತಿನಲ್ಲಿ ಸಂಸ್ಥೆ ಜಾಣತನದಿಂದ ತನ್ನನ್ನೂ ಸೇರಿಸಿಕೊಳ್ಳುತ್ತದೆ. ಮರುಪಂದ್ಯದ ಟಿಕೆಟ್ ಮತ್ತು ಪ್ರಸಾರದ ಹಣ ಎಣಿಸಿಕೊಳ್ಳುವುದು ಸಂಸ್ಥೆ, ಕೇಳುವುದು ಮಾತ್ರ ಜನರ ಹೆಸರಿನಲ್ಲಿ. ಸೇಂಟ್ ಪಿಯೆರ್ ಆ ಒತ್ತಡಕ್ಕೆ ಮಣಿಯಲಿಲ್ಲ. ಡಿಸೆಂಬರ್‌ನಲ್ಲಿ ಪಟ್ಟ ಬಿಟ್ಟುಕೊಟ್ಟು ನಾಲ್ಕು ವರ್ಷ ದೂರ ಉಳಿದರು. ಹಾಗೆ ಉಳಿಯಲು ಅವರ ಬಳಿ ದುಡಿದ ಹಣವಿತ್ತು. ನಮ್ಮ ಅಣ್ಣನಂಥವರ ಬಳಿ ಅದು ಇರುವುದಿಲ್ಲ.

ಬಾಕ್ಸಿಂಗ್‌ನಲ್ಲಿ ಈ ಆಟ ಸ್ವಲ್ಪ ಬೇರೆ ರೀತಿಯಲ್ಲಿ ನಡೆಯುತ್ತದೆ. ಅಲ್ಲಿ ಪ್ರಮೋಟರುಗಳು ಹಲವರು, ಪಟ್ಟಗಳು ಡಬ್ಲ್ಯುಬಿಸಿ, ಡಬ್ಲ್ಯುಬಿಎ, ಐಬಿಎಫ್, ಡಬ್ಲ್ಯುಬಿಒ ಎಂಬ ನಾಲ್ಕು ಸಂಸ್ಥೆಗಳ ಕೈಯಲ್ಲಿವೆ. ಹಾಗಾಗಿ ಪ್ರಮೋಟರ್ ಆಟಗಾರನ ಪಟ್ಟವನ್ನು ತಾನೇ ಕಿತ್ತುಕೊಳ್ಳಲಾರ, ಅವನ ಬೆಲೆಯನ್ನು ಇಳಿಸಬಲ್ಲ. 2020ರ ನವೆಂಬರ್‌ನಲ್ಲಿ ಟೆರೆನ್ಸ್ ಕ್ರಾಫರ್ಡ್ ಅವರು ಕೆಲ್ ಬ್ರೂಕ್ ಅವರನ್ನು ಸೋಲಿಸಿದ ಬೆನ್ನಿಗೇ, ಅವರ ಪ್ರಮೋಟರ್, ಟಾಪ್ ರ‍್ಯಾಂಕ್ ಸಂಸ್ಥೆಯ ಬಾಬ್ ಆರಮ್, ಕ್ರಾಫರ್ಡ್ ಪಂದ್ಯಗಳಲ್ಲಿ ತಾನು ಕಳೆದುಕೊಂಡ ಹಣದಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ಒಂದು ಮನೆ ಕಟ್ಟಬಹುದಿತ್ತು ಎಂಬರ್ಥದಲ್ಲಿ ಮಾತನಾಡಿದರು. ತನ್ನ ಸರಕನ್ನು ತಾನೇ ಬಜಾರಿನಲ್ಲಿ ನಿಂತು ಹಳಿಯುವ ವ್ಯಾಪಾರಿ ಯಾರಾದರೂ ಇದ್ದಾನೆಯೇ ಎಂದು ನೀವು ಕೇಳಬಹುದು. ಕರಾರು ಮುಗಿಯುತ್ತ ಬಂದಾಗ ಇದ್ದಾನೆ. ಸರಕು ನಾಳೆ ಬೇರೆ ಅಂಗಡಿಗೆ ಹೋಗುವುದಾದರೆ, ಅದಕ್ಕೆ ಗಿರಾಕಿ ಇಲ್ಲವೆಂದು ಇಂದೇ ಸಾರುವುದರಲ್ಲಿ ಅವನಿಗೆ ಲಾಭವಿದೆ. ಕ್ರಾಫರ್ಡ್ ಇನ್ನೊಂದು ಪಂದ್ಯದ ನಂತರ ಆ ಸಂಸ್ಥೆ ಬಿಟ್ಟರು. 2023ರ ಜುಲೈನಲ್ಲಿ ಎರಲ್ ಸ್ಪೆನ್ಸ್ ಅವರನ್ನು ಸೋಲಿಸಿ ನಾಲ್ಕೂ ಪಟ್ಟ ಗೆದ್ದರು.

ಈ ಪದ್ಧತಿ ಹೊಸದೇನೂ ಅಲ್ಲ. 1910ರಲ್ಲಿ ಗಾಮಾ ಪೈಲ್ವಾನರನ್ನು ಲಂಡನ್ನಿಗೆ ಕರೆದೊಯ್ದಾಗ, ಎತ್ತರ ಸಾಲದೆಂದು ಅವರನ್ನು ದಂಗಲಿಗೆ ಸೇರಿಸಿಕೊಳ್ಳಲಿಲ್ಲ. ಆಗ ಯಾವ ತೂಕದವರೇ ಇರಲಿ, ಮೂವರನ್ನು ಮೂವತ್ತು ನಿಮಿಷದಲ್ಲಿ ಕೆಡವುತ್ತೇನೆಂಬ ಬಹಿರಂಗ ಸವಾಲು ಅವರ ಹೆಸರಿನಲ್ಲಿ ಹೊರಟಿತು. ಒಳಗೆ ಮುಚ್ಚಿದ್ದ ಬಾಗಿಲನ್ನು ಜನರ ಮುಂದೆ ನಿಂತು ತಟ್ಟಿದ ಹಾಗೆ. ಅಂದರೆ ಬಹಿರಂಗ ಒತ್ತಡ ಆಟಗಾರನ ಕೈಯಲ್ಲಿಯೂ ಕೆಲಸ ಮಾಡುತ್ತದೆ. 2023ರ ಮಾರ್ಚ್‌ನಲ್ಲಿ ಹೆವಿವೇಟ್ ಬಾಕ್ಸರ್ ಟೈಸನ್ ಫ್ಯೂರಿ, ಒಟ್ಟು ಹಣದಲ್ಲಿ ನೂರಕ್ಕೆ ಮೂವತ್ತು ಮಾತ್ರ ತೆಗೆದುಕೋ, ತಡಮಾಡಿದ ದಿನಕ್ಕೊಂದರಂತೆ ಕಡಿಮೆ ಮಾಡುತ್ತೇನೆ ಎಂದು ಒಲೆಕ್ಸಾಂಡರ್ ಉಸಿಕ್‌ಗೆ ವಿಡಿಯೊದಲ್ಲಿ ಸವಾಲು ಹಾಕಿದರು. ಉಸಿಕ್ ಅಷ್ಟೇ ಬಹಿರಂಗವಾಗಿ ಮೂವತ್ತಕ್ಕೆ ಒಪ್ಪಿ, ಯುಕ್ರೇನಿಗೆ 10 ಲಕ್ಷ ಪೌಂಡ್ ದಾನ ಕೊಡಬೇಕೆಂಬ ಷರತ್ತು ಹಾಕಿದರು. ಹಣವೇ ಅಡ್ಡಿ ಎಂದು ಇನ್ನು ಯಾರೂ ಹೇಳುವ ಹಾಗಿರಲಿಲ್ಲ. ಆ ಮಾತುಕತೆ ಆಗ ಮುರಿಯಿತು. ಪಂದ್ಯ ನಡೆದದ್ದು 2024ರ ಮೇ ತಿಂಗಳಲ್ಲಿ, ಗೆದ್ದವರು ಉಸಿಕ್.

ಆದರೆ ಆಟಗಾರನಿಗೆ ತನ್ನದೇ ಜನ ಇದ್ದಾಗ ಮಾತ್ರ ಇದು ನಡೆಯುತ್ತದೆ. 2016ರ ಏಪ್ರಿಲ್‌ನಲ್ಲಿ ಕಾನರ್ ಮೆಕ್‌ಗ್ರೆಗರ್ ತರಬೇತಿ ಬಿಟ್ಟು ಪ್ರಚಾರಕ್ಕೆ ಬರಲು ಒಪ್ಪದೆ ಇದ್ದಾಗ ಯುಎಫ್‌ಸಿ ತನ್ನ 200ನೇ ಕಾರ್ಯಕ್ರಮದಲ್ಲಿ ನೇಟ್ ಡಿಯಾಜ್ ಎದುರು ಆಡಬೇಕಿದ್ದ ಅವರನ್ನು ಕೈಬಿಟ್ಟಿತು. ಆಗಸ್ಟ್‌ನಲ್ಲಿ ಅದೇ ಡಿಯಾಜ್ ಎದುರು ಅವರನ್ನೇ ಮುಖ್ಯ ಪಂದ್ಯಕ್ಕೆ ತರಬೇಕಾಯಿತು. ಮೆಕ್‌ಗ್ರೆಗರ್ ಬಂದರೆ ಐರ್ಲೆಂಡ್ ಬರುತ್ತದೆ. ಪಟ್ಟಿಯ ಮೊದಲ ಪಂದ್ಯ ಆಡುವ ಹುಡುಗನ ಹಿಂದೆ ಅವನ ಮನೆಯವರಷ್ಟೇ ಬರುತ್ತಾರೆ. ಅದೇ ವರ್ಷದ ಜೂನ್‌ನಲ್ಲಿ, ಸಂಸ್ಥೆ ಪ್ರಕಟಿಸುವ ಮೊದಲೇ ಸುದ್ದಿಯೊಂದನ್ನು ಹೊರಹಾಕಿದ ಪತ್ರಕರ್ತ ಅರಿಯಲ್ ಹೆಲ್ವಾನಿಯವರನ್ನು ಸಭಾಂಗಣದಿಂದಲೇ ಹೊರಗೆ ಕಳಿಸಿದರು. ಒಂದೆರಡು ದಿನಗಳಲ್ಲಿ ಆ ನಿಷೇಧವನ್ನು ಹಿಂತೆಗೆದರು, ಅದೂ ಜನರ ಆಕ್ರೋಶದ ನಂತರ. ಆಟಗಾರನ ಪಕ್ಷ ಜನರಿಗೆ ತಲುಪಬೇಕಾದ ದಾರಿಯೂ ಪ್ರಮೋಟರನ ಅಂಗಳದಲ್ಲೇ ಹಾದುಹೋಗುತ್ತದೆ ಎಂಬುದು ಅಂದು ಎಲ್ಲರಿಗೂ ಕಾಣಿಸಿತು.

ನನ್ನನ್ನು ಬಹಳ ಕಾಡಿದ ಪ್ರಸಂಗ ಫ್ರಾನ್ಸಿಸ್ ಎನ್‌ಗಾನು ಅವರದು. ಕ್ಯಾಮೆರೂನಿನ ಈ ಮನುಷ್ಯ ಬಾಲ್ಯದಲ್ಲಿ ಮರಳಿನ ಗಣಿಯಲ್ಲಿ ದುಡಿದವರು. ಶಹಾಬಾದಿನ ಕಲ್ಲುಗಣಿಗಳಲ್ಲಿ ಎಳೆಯ ಕೈಗಳು ಸುತ್ತಿಗೆ ಹಿಡಿದದ್ದನ್ನು ನೋಡಿದವರಿಗೆ ಆ ಬಾಲ್ಯದ ಪರಿಚಯ ಬೇರೆ ಬೇಡ. 2021ರ ಮಾರ್ಚ್‌ನಲ್ಲಿ ಅವರು ಯುಎಫ್‌ಸಿಯ ಹೆವಿವೇಟ್ ಪಟ್ಟ ಗೆದ್ದರು. ಮುಂದಿನ ಪಂದ್ಯದ ದಿನಾಂಕ ಕೂಡಿಬರಲಿಲ್ಲ. ಕೇವಲ ನಾಲ್ಕು ತಿಂಗಳ ಮೇಲೆ, ಆಗಸ್ಟ್‌ನಲ್ಲಿ, ಸಂಸ್ಥೆ ಇನ್ನಿಬ್ಬರನ್ನು ನಿಲ್ಲಿಸಿ ಮಧ್ಯಂತರ ಪಟ್ಟ ಕಟ್ಟಿತು. ಚಾಂಪಿಯನ್ ಇರುವಾಗಲೇ ಇನ್ನೊಬ್ಬ ಚಾಂಪಿಯನ್. ಪಟ್ಟವೇ ಸಂಸ್ಥೆಯ ಸ್ವಂತ ಸೊತ್ತಾದಾಗ ಮಾತಿನಿಂದ ಮಾತ್ರವಲ್ಲ, ಬೆಲ್ಟಿನಿಂದಲೂ ಜನರಿಗೆ ಇವನು ಆಡಲು ಒಲ್ಲ ಎಂದು ಸಾರಬಹುದು.

2022ರ ಜನವರಿಯಲ್ಲಿ, ಮೊಣಕಾಲಿನ ಒಳಗಿನ ನಾರು ಹರಿದಿದ್ದರೂ ಎನ್‌ಗಾನು ಕಣಕ್ಕಿಳಿದು ಸಿರಿಲ್ ಗಾನ್ ಅವರನ್ನು ಸೋಲಿಸಿದರು. ಅಂದಿನ ಅವರ ಘೋಷಿತ ಸಂಭಾವನೆ 6 ಲಕ್ಷ ಡಾಲರ್. ಮುಂದಿನ ಕರಾರಿಗೆ ಅವರು ಕೇಳಿದ್ದು ಬರಿ ಹಣವಲ್ಲ. ಆಟಗಾರರಿಗೆ ಆರೋಗ್ಯ ವಿಮೆ, ಸಂಸ್ಥೆಯ ಸಭೆಗಳಲ್ಲಿ ಆಟಗಾರರ ಪರವಾಗಿ ಮಾತನಾಡುವ ಒಬ್ಬರು, ಸ್ವಂತ ಪ್ರಾಯೋಜಕರನ್ನು ತರುವ ಹಕ್ಕು. 2023ರ ಜನವರಿಯಲ್ಲಿ ಸಂಬಂಧ ಮುರಿಯಿತು. ಜನರಿಗೆ ಹೇಳಿದ ಮಾತು, ಕಡಿಮೆ ಅಪಾಯದ ಎದುರಾಳಿಗಳ ಜೊತೆ ಆಡಿ ಹೆಚ್ಚು ಹಣ ಗಳಿಸಲು ಅವರು ಹೊರಟಿದ್ದಾರೆ ಎಂಬುದು. ಆ ವರ್ಷದ ಅಕ್ಟೋಬರ್ 28ರಂದು ರಿಯಾದಿನಲ್ಲಿ, ಜೀವನದ ಮೊಟ್ಟಮೊದಲ ವೃತ್ತಿಪರ ಬಾಕ್ಸಿಂಗ್ ಪಂದ್ಯದಲ್ಲಿಯೇ, ಅವರು ಟೈಸನ್ ಫ್ಯೂರಿಯ ಎದುರು ನಿಂತರು. ಮೂರನೆಯ ಸುತ್ತಿನಲ್ಲಿ ಅವರನ್ನು ನೆಲಕ್ಕೆ ಬೀಳಿಸಿ, ಕೊನೆಗೆ ತೀರ್ಪುಗಾರರ ಭಿನ್ನ ತೀರ್ಪಿನಲ್ಲಿ ಸೋತರು. ಸೋತರೂ, ಅಪಾಯಕ್ಕೆ ಅಂಜುವವನು ಎಂಬ ಮಾತು ಅಲ್ಲಿಗೆ ನಿಂತಿತು. ಪಿಎಫ್ಎಲ್ ಎಂಬ ಬೇರೆ ಸಂಸ್ಥೆಯ ಜೊತೆ ಮಾಡಿಕೊಂಡ ಕರಾರಿನಲ್ಲಿ ಅವರು ತಮ್ಮ ಎದುರಾಳಿಗೂ ಕನಿಷ್ಠ 20 ಲಕ್ಷ ಡಾಲರ್ ಸಿಗಬೇಕೆಂದು ಬರೆಸಿದರು. ಎದುರಾಳಿಗೆ ಸಿಗಬೇಕಾದ ಹಣಕ್ಕಾಗಿ ಚೌಕಾಸಿ ಮಾಡಿದ ಕಾದಾಳುವನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಲೆಕ್ಕ ಹೊರಗೆ ಬಂದರೆ ಒತ್ತಡದ ಬಲ ಕುಗ್ಗುತ್ತದೆ. ಅಮೆರಿಕದಲ್ಲಿ ಇದನ್ನು ಕಾನೂನೇ ಗುರುತಿಸಿದೆ. ಮುಹಮ್ಮದ್ ಅಲಿಯವರ ಹೆಸರಿನಲ್ಲಿ 2000ದಲ್ಲಿ ಬಂದ ಬಾಕ್ಸಿಂಗ್ ಸುಧಾರಣಾ ಕಾಯ್ದೆಯ ಪ್ರಕಾರ, ಪಂದ್ಯದಿಂದ ತನಗೆ ಬರುವ ಹಣವೆಷ್ಟೆಂದು ಪ್ರಮೋಟರ್ ಬಾಕ್ಸರನಿಗೆ ತಿಳಿಸಬೇಕು. ಎಂಎಂಎ ಆಟಗಾರರಿಗೆ ಆ ರಕ್ಷಣೆ ಸಿಗಲಿಲ್ಲ. ಅವರ ಲೆಕ್ಕ ಹೊರಬರಲು 2014ರಲ್ಲಿ ಕೆಲವು ಆಟಗಾರರು ಹೂಡಿದ ಏಕಸ್ವಾಮ್ಯ ವಿರೋಧಿ ದಾವೆ ಬೇಕಾಯಿತು. ಯುಎಫ್‌ಸಿಯ ಆದಾಯದಲ್ಲಿ ಆಟಗಾರರಿಗೆ ಹೋಗುತ್ತಿದ್ದ ಪಾಲು ನೂರಕ್ಕೆ ಇಪ್ಪತ್ತರ ಆಸುಪಾಸು ಎಂಬುದು ಆ ದಾವೆಯಿಂದ ಜನರಿಗೆ ತಿಳಿಯಿತು. ಅದೇ ದೇಶದ ಬಾಸ್ಕೆಟ್‌ಬಾಲ್, ಫುಟ್‌ಬಾಲ್ ಲೀಗುಗಳಲ್ಲಿ, ಆಟಗಾರರ ಸಂಘ ಇರುವುದರಿಂದ, ಆ ಪಾಲು ಅರ್ಧದ ಹತ್ತಿರ ಇದೆ. ನ್ಯಾಯಾಧೀಶರು ಮೊದಲ ರಾಜಿಯ 33.5 ಕೋಟಿ ಡಾಲರ್ ಸಾಲದೆಂದು ತಳ್ಳಿಹಾಕಿದ ಮೇಲೆ, 2025ರ ಆರಂಭದಲ್ಲಿ 37.5 ಕೋಟಿ ಡಾಲರಿಗೆ ರಾಜಿ ಮುಗಿಯಿತು.

ಇದನ್ನೆಲ್ಲ ಕಲಬುರಗಿಯಲ್ಲಿ ಕುಳಿತು ಏಕೆ ಹೇಳಬೇಕು ಎಂದರೆ, ಈ ಆಟ ನಮ್ಮ ಹುಡುಗರ ಬಾಗಿಲಿಗೂ ಬಂದಿದೆ. 2024ರಲ್ಲಿ ಪೂಜಾ ತೋಮರ್ ಯುಎಫ್‌ಸಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯರಾದರು. ಅದನ್ನು ನೋಡಿ ಬೀದರಿನಲ್ಲಿ, ಯಾದಗಿರಿಯಲ್ಲಿ ಕೈಗೆ ಪಟ್ಟಿ ಸುತ್ತಿಕೊಂಡ ಮಕ್ಕಳಿದ್ದಾರೆ. ಅವರ ಬಗ್ಗೆ ನನಗೆ ಹೆಮ್ಮೆ ಇದೆ, ಅಷ್ಟೇ ಚಿಂತೆಯೂ ಇದೆ.

ಸಭೆ ಮುಗಿದ ಮೇಲೆ ಹತ್ತೊಂಬತ್ತು ಇಪ್ಪತ್ತರ ಒಬ್ಬ ಹುಡುಗ ಹತ್ತಿರ ಬಂದ. ಮೊಬೈಲು ತೆಗೆದು ಒಂದು ಪೋಸ್ಟರ್ ತೋರಿಸಿದ. ಬೇರೆ ಊರಿನಲ್ಲಿ ನಡೆಯುವ ಪಂದ್ಯದ ಪೋಸ್ಟರ್ ಅದು. ಕೆಂಪು ಬಣ್ಣದಲ್ಲಿ ಅವನ ಫೋಟೊ, ಹೆಸರು, ಕೆಳಗೆ ಊರು ಕಲಬುರಗಿ ಎಂದು ದೊಡ್ಡ ಅಕ್ಷರ.

“ಸರ್, ನಾನು ಇನ್ನಾ ಹೂಂ ಅಂದಿಲ್ಲರಿ. ರೊಕ್ಕ ಎಷ್ಟಂತ ಕೇಳೀನಿ, ಹೇಳಿಲ್ಲ. ಈಗ ಓಣ್ಯಾಗ ಎಲ್ಲಾರೂ ಸ್ಟೇಟಸ್ ಇಟ್ಕೊಂಡಾರ. ನಮ್ಮ ಕಾಕಾನೂ ಇಟ್ಟಾನ.”

ಎದುರಾಳಿಯ ತೂಕ ಎಷ್ಟೆಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಪೋಸ್ಟರನ್ನು ದೊಡ್ಡದು ಮಾಡಿ ಇಬ್ಬರೂ ಹುಡುಕಿದೆವು, ತೂಕ ಎಲ್ಲಿಯೂ ಇರಲಿಲ್ಲ. ಎದುರಾಳಿಯ ತೂಕ, ಸುತ್ತುಗಳು, ಹಣ, ಪೆಟ್ಟಾದರೆ ಆಸ್ಪತ್ರೆಯ ಖರ್ಚು ಯಾರದು, ಈ ನಾಲ್ಕನ್ನು ಬರೆದು ಕಳಿಸಲು ಕೇಳು, ಆ ಉತ್ತರ ಬಂದರೆ ಅದನ್ನೂ ನಿನ್ನ ಸ್ಟೇಟಸ್ಸಿನಲ್ಲಿ ಹಾಕು, ಓಣಿಯವರು ಅದನ್ನೂ ಓದಲಿ ಎಂದೆ. ಅವನು ಸ್ವಲ್ಪ ಹೊತ್ತು ನೆಲ ನೋಡುತ್ತ ನಿಂತ. ನಂತರ, “ಕಾಕಾಗ ಮೊದಲ ಫೋನ್ ಹಚ್ತೀನ್ರಿ” ಎಂದು ಹೇಳಿ ವರಾಂಡದ ಕಡೆ ನಡೆದ.